ಈವ್ನಿಂಗ್ ಪ್ರಿಮ್‌ರೋಸ್ ಎಣ್ಣೆ: ಒಣ ಚರ್ಮಕ್ಕೆ ನಿಜಕ್ಕೂ ಏನು ಮಾಡುತ್ತದೆ?

ಈವ್ನಿಂಗ್ ಪ್ರಿಮ್‌ರೋಸ್ ಎಣ್ಣೆ ಬಗ್ಗೆ ನನ್ನನ್ನು ಕೇಳುವವರು ಎರಡು ಥರ. ಕೆಲವರಿಗೆ ಕ್ಯಾಪ್ಸೂಲ್ ನುಂಗಬೇಕಾ ಅನ್ನುವ ಪ್ರಶ್ನೆ. ಇನ್ನು ಕೆಲವರಿಗೆ ಮುಖಕ್ಕೆ ಹಚ್ಚಬಹುದಾ ಅನ್ನುವುದು. ಇವೆರಡೂ ಬೇರೆ ಬೇರೆ ವಿಷಯ, ಆದರೆ ಓದಲು ಸಿಗುವ ಬರಹಗಳಲ್ಲಿ ಎರಡನ್ನೂ ಸೇರಿಸಿ ಕಲಸಿಬಿಟ್ಟಿರುತ್ತಾರೆ. ನುಂಗಿದವರಿಗೆ ಆದ ಲಾಭವನ್ನು ಹಚ್ಚುವ ಸೀರಮ್ ಬಾಟಲಿ ಮೇಲೆ ಬರೆಯುತ್ತಾರೆ. ಹಚ್ಚಿದವರಿಗೆ ಸಿಕ್ಕ ಫಲವನ್ನು ಕ್ಯಾಪ್ಸೂಲ್ ಡಬ್ಬಿ ಮೇಲೆ.

ನನ್ನದು ಒಣ ಚರ್ಮ. ಮುಖ ತೊಳೆದ ಸ್ವಲ್ಪ ಹೊತ್ತಿಗೇ ಕೆನ್ನೆ ಬಿಗಿಯುತ್ತದೆ, ಗಾಳಿ ಒಣಗಿತು ಅಂದರೆ ಮೂಗಿನ ಪಕ್ಕದಲ್ಲಿ ಹೊಟ್ಟು ಏಳುತ್ತದೆ. ಬಹಳ ಕಾಲದಿಂದ ಈ ಎಣ್ಣೆ ಬಳಸುತ್ತಾ ಬಂದಿದ್ದೇನೆ, ಇಷ್ಟಪಟ್ಟೇ ಬಳಸುತ್ತೇನೆ. ಅದಕ್ಕೇ ಇದರ ಹೆಸರಲ್ಲಿ ಮೊಡವೆ, ಸುಕ್ಕು, ಕಲೆ, ಕೂದಲು ಉದುರುವುದು ಎಲ್ಲಕ್ಕೂ ಮದ್ದು ಅಂತ ಹೇಳುವುದನ್ನು ನೋಡಿದರೆ ಬೇಜಾರಾಗುತ್ತದೆ. ಈ ಎಣ್ಣೆಗೆ ಒಂದು ಕೆಲಸ ಚೆನ್ನಾಗಿ ಬರುತ್ತದೆ. ಒಣಗಿದ ಚರ್ಮದ ಮೇಲ್ಪದರಕ್ಕೆ ಬೇಕಾದ ಕೊಬ್ಬನ್ನು ಕೊಡುವುದು. ಆ ಕೆಲಸ ಹೇಗೆ ನಡೆಯುತ್ತದೆ, ಎಲ್ಲಿಗೆ ನಿಲ್ಲುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಗಿಡ. ಸಸ್ಯಶಾಸ್ತ್ರದಲ್ಲಿ ಇದನ್ನು ಈನೊಥೆರಾ ಬೈಎನ್ನಿಸ್ ಅನ್ನುತ್ತಾರೆ. ಮೂಲ ಉತ್ತರ ಅಮೆರಿಕ, ಹದಿನೇಳನೇ ಶತಮಾನದ ಶುರುವಿನಲ್ಲಿ ಯುರೋಪಿಗೆ ಹೋಯಿತು. ಎರಡು ವರ್ಷದ ಗಿಡ ಇದು. ಮೊದಲ ವರ್ಷ ನೆಲಕ್ಕೆ ಅಂಟಿಕೊಂಡಂತೆ ಬರೀ ಎಲೆ, ಎರಡನೇ ವರ್ಷ ಆಳೆತ್ತರದ ಕಾಂಡದಲ್ಲಿ ನಾಲ್ಕು ಎಸಳಿನ ಹಳದಿ ಹೂವು. ಸಂಜೆ ಕತ್ತಲಾಗುವ ಹೊತ್ತಿಗೆ ಅರಳುತ್ತದೆ, ರಾತ್ರಿ ಹಾರುವ ದೊಡ್ಡ ಪತಂಗಗಳು ಬಂದು ಪರಾಗ ಹೊತ್ತೊಯ್ಯುತ್ತವೆ, ಮಾರನೇ ದಿನ ಮಧ್ಯಾಹ್ನದೊಳಗೆ ಹೂವು ಬಾಡಿರುತ್ತದೆ. ನಮಗೆ ಬೇಕಾದ ಎಣ್ಣೆ ಇರುವುದು ಬೀಜದಲ್ಲಿ. ಸಾಸಿವೆಗಿಂತಲೂ ಚಿಕ್ಕ ಬೀಜ, ಅದರ ತೂಕದಲ್ಲಿ ಸುಮಾರು ಐದನೇ ಒಂದು ಭಾಗ ಎಣ್ಣೆ.

ಈ ಎಣ್ಣೆಯಲ್ಲಿ ಸುಮಾರು 70ರಿಂದ 75 ಶೇಕಡಾ ಲಿನೋಲೆಯಿಕ್ ಆಸಿಡ್ ಅನ್ನುವ ಕೊಬ್ಬಿನಾಮ್ಲ ಇರುತ್ತದೆ. 8ರಿಂದ 10 ಶೇಕಡಾ ಗಾಮಾ ಲಿನೋಲೆನಿಕ್ ಆಸಿಡ್, ಇದನ್ನೇ ಎಲ್ಲರೂ ಜಿಎಲ್‌ಎ ಅನ್ನುವುದು. ಉಳಿದದ್ದು ಓಲೆಯಿಕ್, ಪಾಮಿಟಿಕ್, ಸ್ವಲ್ಪ ಸ್ಟಿಯರಿಕ್. ಜಾಹೀರಾತುಗಳೆಲ್ಲ ಜಿಎಲ್‌ಎ ಸುತ್ತಲೇ ತಿರುಗುತ್ತವೆ, ಯಾಕೆಂದರೆ ಅದು ಅಪರೂಪದ್ದು, ಬಹಳಷ್ಟು ಬೀಜದ ಎಣ್ಣೆಗಳಲ್ಲಿ ಇರುವುದೇ ಇಲ್ಲ. 1919ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿಗಳು ಅದನ್ನು ಮೊದಲು ಗುರುತಿಸಿದ್ದೂ ಇದೇ ಗಿಡದ ಬೀಜದ ಎಣ್ಣೆಯಲ್ಲಿ. ಆದರೆ ಚರ್ಮಕ್ಕೆ ಹಚ್ಚುವ ವಿಷಯಕ್ಕೆ ಬಂದರೆ, ನನ್ನ ಅಭಿಪ್ರಾಯದಲ್ಲಿ, ಜಾಸ್ತಿ ಕೆಲಸ ಮಾಡುವುದು ಯಾರೂ ಹೆಸರು ಹೇಳದ ಆ 70 ಶೇಕಡಾ ಲಿನೋಲೆಯಿಕ್ ಆಸಿಡ್.

ಯಾಕೆ ಅಂತ ನೋಡೋಣ. ಚರ್ಮದ ತೀರಾ ಮೇಲಿನ ಪದರ ಇಟ್ಟಿಗೆ ಗೋಡೆ ಇದ್ದ ಹಾಗೆ. ಸತ್ತ ಜೀವಕೋಶಗಳು ಇಟ್ಟಿಗೆ, ಅವುಗಳ ನಡುವೆ ತುಂಬಿರುವ ಕೊಬ್ಬು ಗಾರೆ. ಈ ಕೊಬ್ಬಿನಲ್ಲಿ ಮುಖ್ಯವಾಗಿ ಮೂರು ವಸ್ತು ಇರುತ್ತವೆ. ಸೆರಮೈಡ್, ಕೊಲೆಸ್ಟ್ರಾಲ್, ಬಿಡಿ ಕೊಬ್ಬಿನಾಮ್ಲಗಳು. ಸೆರಮೈಡ್‌ಗಳಲ್ಲಿ ಹಲವು ಬಗೆ, ಅದರಲ್ಲಿ ಒಂದು ಉದ್ದನೆಯ ಬಗೆಗೆ ಮಾತ್ರ ತುದಿಯಲ್ಲಿ ಲಿನೋಲೆಯಿಕ್ ಆಸಿಡ್ಡೇ ಜೋಡಣೆ ಆಗಬೇಕು. ಪದರಗಳನ್ನು ಒಂದಕ್ಕೊಂದು ಹಿಡಿದಿಡುವುದು ಆ ಉದ್ದನೆಯ ಸೆರಮೈಡ್. ಲಿನೋಲೆಯಿಕ್ ಆಸಿಡ್ ಸಾಕಷ್ಟು ಸಿಗದೆ ಇದ್ದಾಗ ದೇಹ ಅದರ ಜಾಗಕ್ಕೆ ಓಲೆಯಿಕ್ ಆಸಿಡ್ ತಂದು ಕೂರಿಸುತ್ತದೆ. ಕೂರುವುದೇನೋ ಕೂರುತ್ತದೆ, ಆದರೆ ಸಂದು ಬಿಟ್ಟುಕೊಳ್ಳುತ್ತದೆ, ಒಳಗಿನ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ನಾವು ಒಣ ಚರ್ಮ ಅನ್ನುವುದರಲ್ಲಿ ದೊಡ್ಡ ಪಾಲು ಇದೇ. ನೀರು ಕಮ್ಮಿ ಕುಡಿದಿದ್ದಕ್ಕೆ ಮುಖ ಒಣಗಿದೆ ಅಂತ ಲೀಟರ್‌ಗಟ್ಟಲೆ ನೀರು ಕುಡಿಯುವವರಿಗೆ ಇದನ್ನು ಹೇಳಬೇಕು ಅನ್ನಿಸುತ್ತದೆ. ಸೋರುವುದು ನಿಲ್ಲದೆ ತುಂಬಿಸಿ ಏನು ಪ್ರಯೋಜನ, ಅಲ್ವಾ?

ಲಿನೋಲೆಯಿಕ್ ಆಸಿಡ್ಡನ್ನು ನಮ್ಮ ದೇಹ ತಾನಾಗಿ ತಯಾರಿಸಲಾರದು. ಇದು ಗೊತ್ತಾದ ರೀತಿಯೂ ಚರ್ಮದ ಮೂಲಕವೇ. 1929ರಲ್ಲಿ ಅಮೆರಿಕದ ಮಿನೆಸೊಟ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಬರ್ ಮತ್ತು ಅವರ ಹೆಂಡತಿ ಮಿಲ್ಡ್ರೆಡ್ ಬರ್ ಇಲಿಗಳಿಗೆ ಒಂದು ಚೂರೂ ಕೊಬ್ಬಿಲ್ಲದ ಆಹಾರ ಕೊಟ್ಟು ನೋಡಿದರು. ಇಲಿಗಳ ಬೆಳವಣಿಗೆ ನಿಂತಿತು, ಬಾಲದ ಮೇಲೆ ಹೊಟ್ಟು ಎದ್ದಿತು, ಚರ್ಮ ಒಡೆಯಿತು. ಎಷ್ಟು ನೀರು ಕುಡಿದರೂ ಸಾಲುತ್ತಿರಲಿಲ್ಲ, ಯಾಕೆಂದರೆ ನೀರು ಚರ್ಮದಿಂದ ಆಚೆ ಹೋಗುತ್ತಿತ್ತು. ಆಹಾರಕ್ಕೆ ಲಿನೋಲೆಯಿಕ್ ಆಸಿಡ್ ಸೇರಿಸಿದ ಮೇಲೆ ಸರಿಹೋದವು. ಅಲ್ಲಿಯವರೆಗೆ ಕೊಬ್ಬು ಅಂದರೆ ಶಕ್ತಿ ಕೊಡುವ ಇಂಧನ ಅಷ್ಟೇ ಅಂದುಕೊಂಡಿದ್ದರು.

ಸರಿ, ತಿಂದರೆ ಸರಿಹೋಗುತ್ತದೆ, ಹಚ್ಚಿದರೆ? ಇದಕ್ಕೆ ಉತ್ತರ 1975ರ ಒಂದು ಸಣ್ಣ ಪ್ರಯೋಗದಲ್ಲಿದೆ, ನನಗೆ ತುಂಬಾ ಇಷ್ಟವಾದದ್ದು. ಆಹಾರದ ಕೊಬ್ಬನ್ನು ಹೀರಿಕೊಳ್ಳಲಾಗದೆ ಈ ಕೊಬ್ಬಿನಾಮ್ಲದ ಕೊರತೆಯಾಗಿದ್ದ ಕೆಲವು ರೋಗಿಗಳ ಚರ್ಮಕ್ಕೆ ಸೂರ್ಯಕಾಂತಿ ಎಣ್ಣೆ ಹಚ್ಚಿದರು. ಹೊಟ್ಟು ಕಮ್ಮಿಯಾಯಿತು, ನೀರು ಸೋರುವುದು ಇಳಿಯಿತು, ಚರ್ಮದಲ್ಲಿ ಲಿನೋಲೆಯಿಕ್ ಆಸಿಡ್ ಪ್ರಮಾಣ ಏರಿತು. ಅಂದರೆ ಮೇಲೆ ಹಚ್ಚಿದ ಎಣ್ಣೆ ಬರೀ ಜಿಡ್ಡಾಗಿ ಕೂರುವುದಿಲ್ಲ. ಚರ್ಮ ಅದನ್ನು ತೆಗೆದುಕೊಂಡು ತನ್ನ ಗೋಡೆಗೆ ಬಳಸಿಕೊಳ್ಳುತ್ತದೆ. ಪ್ರಿಮ್‌ರೋಸ್ ಎಣ್ಣೆ ನನ್ನ ಚರ್ಮಕ್ಕೆ ಯಾಕೆ ಹಿಡಿಸಿತು ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ವಿವರಣೆ ಸಿಕ್ಕಿಲ್ಲ.

ಈಗ ಜಿಎಲ್‌ಎ ಕಥೆ. ಇದು ಸ್ವಲ್ಪ ಉದ್ದ, ಆದರೆ ಕ್ಯಾಪ್ಸೂಲ್ ಕೊಳ್ಳುವ ಮೊದಲು ತಿಳಿದಿರಬೇಕಾದ್ದು.

ನಾವು ತಿಂದ ಲಿನೋಲೆಯಿಕ್ ಆಸಿಡ್ಡನ್ನು ದೇಹ ಒಂದು ಕಿಣ್ವದ ಸಹಾಯದಿಂದ ಜಿಎಲ್‌ಎ ಆಗಿ ಬದಲಿಸುತ್ತದೆ. ಆ ಕಿಣ್ವದ ಹೆಸರು ಡೆಲ್ಟಾ 6 ಡಿಸ್ಯಾಚುರೇಸ್. ಜಿಎಲ್‌ಎ ಮುಂದೆ ಇನ್ನೊಂದು ಕೊಬ್ಬಿನಾಮ್ಲವಾಗಿ, ಅದರಿಂದ ಉರಿಯೂತ ತಗ್ಗಿಸುವ ಕೆಲವು ವಸ್ತುಗಳು ತಯಾರಾಗುತ್ತವೆ. ಚರ್ಮದ ಮೇಲ್ಪದರದ ಜೀವಕೋಶಗಳಲ್ಲಿ ಈ ಕಿಣ್ವದ ಕೆಲಸ ನಡೆಯುವುದಿಲ್ಲ. ಹಾಗಾಗಿ ಜಿಎಲ್‌ಎ ಬೇರೆ ಕಡೆಯಿಂದಲೇ ಬರಬೇಕು, ರಕ್ತದಿಂದ ಅಥವಾ ಹೊರಗಿನಿಂದ. 1980ರ ದಶಕದ ಆರಂಭದಲ್ಲಿ, ಎಕ್ಸಿಮಾ (ಚರ್ಮ ಒಣಗಿ, ಕೆಂಪಾಗಿ ತುರಿಸುವ ಕಾಯಿಲೆ) ಇರುವವರ ರಕ್ತದಲ್ಲಿ ಲಿನೋಲೆಯಿಕ್ ಆಸಿಡ್ ಸಾಕಷ್ಟಿದ್ದರೂ ಅದರಿಂದ ಮುಂದೆ ಆಗಬೇಕಾದ ಜಿಎಲ್‌ಎ ಸರಣಿಯ ಕೊಬ್ಬಿನಾಮ್ಲಗಳು ಕಮ್ಮಿ ಇವೆ ಅಂತ ಕಂಡುಬಂತು. ಕಿಣ್ವ ಸೋಮಾರಿಯಾಗಿದೆ, ಹಾಗಾದರೆ ಜಿಎಲ್‌ಎಯನ್ನೇ ನೇರವಾಗಿ ಕೊಟ್ಟುಬಿಡೋಣ ಅನ್ನುವುದು ಆಗಿನ ವಿಚಾರ. ಕೇಳಲು ಎಷ್ಟು ಸರಿ ಅನ್ನಿಸುತ್ತದೆ ನೋಡಿ. 1982ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬ್ರಿಟನ್‌ನ ಇಬ್ಬರು ವೈದ್ಯರು, ಪ್ರಿಮ್‌ರೋಸ್ ಎಣ್ಣೆ ನುಂಗಿದ ರೋಗಿಗಳ ಎಕ್ಸಿಮಾ ಸುಧಾರಿಸಿತು ಅಂತ ಬರೆದರು. ಆಮೇಲೆ ಬ್ರಿಟನ್‌ನಲ್ಲಿ ಎಪೊಗಾಮ್ ಅನ್ನುವ ಹೆಸರಿನಲ್ಲಿ ಈ ಎಣ್ಣೆಯ ಕ್ಯಾಪ್ಸೂಲ್ ಎಕ್ಸಿಮಾಗೆ ಪರವಾನಗಿ ಪಡೆದ ಔಷಧವೇ ಆಯಿತು, ವೈದ್ಯರು ಚೀಟಿ ಬರೆದು ಕೊಡುತ್ತಿದ್ದರು.

ಆದರೆ ಜೊತೆಜೊತೆಗೇ ಬೇರೆ ಪ್ರಯೋಗಗಳೂ ನಡೆದವು. 1985ರಲ್ಲಿ ಒಂದು, 1993ರಲ್ಲಿ ಇನ್ನೊಂದು. ಎರಡರಲ್ಲೂ ಎಣ್ಣೆ ನುಂಗಿದವರಿಗೂ ಈ ಎಣ್ಣೆ ಇಲ್ಲದ ಸುಳ್ಳು ಕ್ಯಾಪ್ಸೂಲ್ ನುಂಗಿದವರಿಗೂ ವ್ಯತ್ಯಾಸ ಕಾಣಲಿಲ್ಲ. 2002ರಲ್ಲಿ ಬ್ರಿಟನ್‌ನ ಔಷಧ ನಿಯಂತ್ರಣ ಸಂಸ್ಥೆ, ಕೆಲಸ ಮಾಡುತ್ತದೆ ಅನ್ನುವುದಕ್ಕೆ ಸಾಕಷ್ಟು ಆಧಾರ ಇಲ್ಲ ಅಂತ ಪರವಾನಗಿ ವಾಪಸ್ ತೆಗೆದುಕೊಂಡಿತು. 2013ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕೊಕ್ರೇನ್ ಸಂಸ್ಥೆಯವರು ಪ್ರಿಮ್‌ರೋಸ್ ಮತ್ತು ಬೋರೇಜ್ (ಜಿಎಲ್‌ಎ ಇರುವ ಇನ್ನೊಂದು ಗಿಡ) ಎಣ್ಣೆ ನುಂಗಿಸಿ ಮಾಡಿದ 27 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಒಟ್ಟು 1596 ಜನ. ಎಕ್ಸಿಮಾಗೆ ಈ ಎರಡೂ ಎಣ್ಣೆಗಳು ಪ್ಲಾಸಿಬೊಗಿಂತ, ಅಂದರೆ ಸುಳ್ಳು ಕ್ಯಾಪ್ಸೂಲ್‌ಗಿಂತ, ಹೆಚ್ಚೇನೂ ಮಾಡುವುದಿಲ್ಲ ಅನ್ನುವುದು ಅವರ ತೀರ್ಮಾನ.

ಇದರಲ್ಲಿ ಗಮನಿಸಬೇಕಾದ ಇನ್ನೊಂದು ವಿಷಯ ಇದೆ. ಸುಳ್ಳು ಕ್ಯಾಪ್ಸೂಲ್ ನುಂಗಿದವರಿಗೂ ಸುಧಾರಣೆ ಆಗಿತ್ತು. ಎಕ್ಸಿಮಾ ಅನ್ನುವುದೇ ಹಾಗೆ, ಕೆರಳುತ್ತದೆ, ಇಳಿಯುತ್ತದೆ, ಮತ್ತೆ ಕೆರಳುತ್ತದೆ. ತೀರಾ ಕೆಟ್ಟಿರುವಾಗ ನಾವು ಹೊಸದೇನಾದರೂ ಶುರು ಮಾಡುತ್ತೇವೆ, ಆಮೇಲೆ ತಾನಾಗೇ ಇಳಿಯುವ ಹೊತ್ತು ಬರುತ್ತದೆ, ಶ್ರೇಯಸ್ಸು ಹೊಸದಕ್ಕೆ ಹೋಗುತ್ತದೆ. ಕ್ಯಾಪ್ಸೂಲ್‌ನಿಂದ ವಾಸಿ ಆಯ್ತು ಅನ್ನುವವರು ಸುಳ್ಳು ಹೇಳುತ್ತಿಲ್ಲ. ಅವರ ಚರ್ಮ ನಿಜವಾಗಿಯೂ ಸುಧಾರಿಸಿರುತ್ತದೆ. ಕಾರಣ ಮಾತ್ರ ಬೇರೆ ಇರಬಹುದು. ಎಕ್ಸಿಮಾ ಇರುವ ಮಗುವಿನ ತಂದೆ ತಾಯಿ ಇಂಥ ಮಾತು ನಂಬಿ ವೈದ್ಯರು ಕೊಟ್ಟ ಮುಲಾಮು ನಿಲ್ಲಿಸಿ ಬರೀ ಕ್ಯಾಪ್ಸೂಲ್ ಮೇಲೆ ನಿಲ್ಲುವುದು ನನಗೆ ನಿಜಕ್ಕೂ ಆತಂಕ ತರುವ ವಿಷಯ. ದಯವಿಟ್ಟು ಹಾಗೆ ಮಾಡಬೇಡಿ.

ಎಕ್ಸಿಮಾ ಬಿಟ್ಟು, ಆರೋಗ್ಯವಂತರ ಒಣ ಚರ್ಮಕ್ಕೆ ನುಂಗಿದರೆ? ಇಲ್ಲಿ ಸ್ವಲ್ಪ ಒಳ್ಳೆಯ ಸುದ್ದಿ ಇದೆ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದಿನಕ್ಕೆ ಎರಡು ಸಲ, ಪ್ರತಿ ಸಲ 500 ಮಿಲಿಗ್ರಾಂನ ಮೂರು ಕ್ಯಾಪ್ಸೂಲ್‌ನಂತೆ 12 ವಾರ ಕೊಟ್ಟರು. ಚರ್ಮದ ತೇವ, ನೀರು ಸೋರುವ ಪ್ರಮಾಣ, ಬಿಗುವು ಎಲ್ಲವೂ ಪ್ಲಾಸಿಬೊಗಿಂತ ಚೆನ್ನಾಗಿ ಬಂದವು. ಮೊಡವೆಗೆ ಐಸೊಟ್ರೆಟಿನಾಯಿನ್ ಅನ್ನುವ ಔಷಧಿ ತೆಗೆದುಕೊಳ್ಳುವವರ ತುಟಿ ಭಯಂಕರ ಒಡೆಯುತ್ತದೆ, ಅದು ತೆಗೆದುಕೊಂಡವರಿಗೆ ಗೊತ್ತು. ಅಂಥ 40 ಜನರ ಮೇಲೆ ಕೊರಿಯಾದಲ್ಲಿ 8 ವಾರ ಮಾಡಿದ ಪ್ರಯೋಗದಲ್ಲೂ ಎಣ್ಣೆ ನುಂಗಿದವರ ತುಟಿಯಿಂದ ನೀರು ಸೋರುವುದು ಕಮ್ಮಿ ಇತ್ತು. ಎರಡೂ ಸಣ್ಣ ಅಧ್ಯಯನಗಳು. ಇಷ್ಟರ ಮೇಲೆ ದೊಡ್ಡ ಮಾತು ಕಟ್ಟಲು ನಾನು ತಯಾರಿಲ್ಲ, ಆದರೆ ತಳ್ಳಿಹಾಕುವಂಥವೂ ಅಲ್ಲ. ಇವೆರಡರಲ್ಲೂ ಸುಧಾರಿಸಿದ್ದು ಒಣತನವೇ ಅನ್ನುವುದನ್ನು ಗಮನಿಸಿ.

ಮತ್ತೆ ಹಚ್ಚುವ ಕಡೆಗೆ ಬರೋಣ. 1999ರಲ್ಲಿ ಜರ್ಮನಿಯಲ್ಲಿ ಒಂದು ಚೆಂದದ ಪ್ರಯೋಗ ಮಾಡಿದ್ದರು. ಪ್ರಿಮ್‌ರೋಸ್ ಎಣ್ಣೆಯನ್ನು ಎರಡು ಬಗೆಯ ಕ್ರೀಮ್‌ಗಳಲ್ಲಿ ಸೇರಿಸಿ, ಎಕ್ಸಿಮಾ ಸ್ವಭಾವದ ಚರ್ಮಕ್ಕೆ ಹಚ್ಚಿ ನೋಡಿದರು. ಒಂದು, ಎಣ್ಣೆಯೊಳಗೆ ನೀರಿನ ಹನಿಗಳಿರುವ ದಪ್ಪ ಕ್ರೀಮ್. ಇನ್ನೊಂದು, ನೀರಿಗೂ ಎಣ್ಣೆಗೂ ಒಗ್ಗುವಂಥ ಬೇರೆ ಬಗೆಯ ಮಿಶ್ರಣ. ದಪ್ಪ ಕ್ರೀಮ್‌ನಲ್ಲಿ ಇದ್ದಾಗ ಎಣ್ಣೆ ಚರ್ಮದ ತಡೆಗೋಡೆಯನ್ನು ಗಟ್ಟಿ ಮಾಡಿತು. ಇನ್ನೊಂದರಲ್ಲಿ ಆ ಫಲ ಕಾಣಲಿಲ್ಲ. ಎಣ್ಣೆ ಅದೇ, ಸೇರಿಸಿದ ಕ್ರೀಮ್ ಬೇರೆ, ಅಷ್ಟಕ್ಕೇ ಫಲ ಬೇರೆ!

ಇದನ್ನು ಓದಿದ ಮೇಲೆ ನಾನು ಕ್ರೀಮ್ ನೋಡುವ ರೀತಿಯೇ ಬದಲಾಯಿತು. ತೆಳ್ಳಗಿನ, ಹಚ್ಚಿದ ತಕ್ಷಣ ಮಾಯವಾಗುವ ಲೋಷನ್‌ಗಳು ಸಾಮಾನ್ಯವಾಗಿ ನೀರಿನೊಳಗೆ ಎಣ್ಣೆ ಇರುವ ಬಗೆ. ಬೆರಳಿಗೆ ಭಾರ ಅನ್ನಿಸುವ, ನೀರು ಹಾಕಿದರೆ ಬೇಗ ತೊಳೆದು ಹೋಗದ ಕೋಲ್ಡ್ ಕ್ರೀಮ್ ಥರದವು ಎಣ್ಣೆಯೊಳಗೆ ನೀರಿರುವ ಬಗೆ. ಒಣ ಚರ್ಮಕ್ಕೆ ಈ ಎಣ್ಣೆ ಇರುವ ಉತ್ಪನ್ನ ಆರಿಸುವಾಗ ನಾನು ಎರಡನೇ ಬಗೆಗೇ ಹೋಗುತ್ತೇನೆ, ಅಥವಾ ಬರೀ ಎಣ್ಣೆಯನ್ನೇ ತೆಗೆದುಕೊಳ್ಳುತ್ತೇನೆ. ಇನ್ನೊಂದು, ಡಬ್ಬಿಯ ಮುಂದೆ ದೊಡ್ಡ ಹಳದಿ ಹೂವಿನ ಚಿತ್ರ ಇದ್ದರೆ ಸಾಲದು, ಹಿಂದೆ ತಿರುಗಿಸಿ ಪದಾರ್ಥಗಳ ಪಟ್ಟಿ ನೋಡಿ. ಅಲ್ಲಿ ಇದು ಗಿಡದ ಹೆಸರಿನಲ್ಲೇ ಇರುತ್ತದೆ, ಈನೊಥೆರಾ ಬೈಎನ್ನಿಸ್ ಆಯಿಲ್ ಅಂತ. ಪಟ್ಟಿಯಲ್ಲಿ ಪದಾರ್ಥಗಳು ಪ್ರಮಾಣದ ಪ್ರಕಾರ ಇಳಿಯುತ್ತಾ ಹೋಗುತ್ತವೆ, ಒಂದು ಶೇಕಡಾಕ್ಕಿಂತ ಕಮ್ಮಿ ಇರುವವನ್ನು ಮಾತ್ರ ಯಾವ ಕ್ರಮದಲ್ಲಾದರೂ ಬರೆಯಬಹುದು. ಸುಗಂಧ ಮತ್ತು ಪ್ರಿಸರ್ವೇಟಿವ್‌ಗಳ ಹತ್ತಿರ ಪ್ರಿಮ್‌ರೋಸ್ ಕಂಡರೆ ಅದು ಸುಮ್ನೆ ಹೆಸರಿಗೆ ಒಂದು ಹನಿ ಅಂತ ತಿಳಿದುಕೊಳ್ಳಬಹುದು.

ಈ ಎಣ್ಣೆಯ ದೊಡ್ಡ ದೌರ್ಬಲ್ಯ ಬೇಗ ಕೆಡುವುದು. ಇದರ ಬಗ್ಗೆ ಜಾಸ್ತಿ ಹೇಳಬೇಕು, ಯಾಕೆಂದರೆ ಎಷ್ಟೋ ಜನರಿಗೆ ಪ್ರಿಮ್‌ರೋಸ್ ಆಗಿಬರಲಿಲ್ಲ ಅನ್ನುವುದು, ಕೆಟ್ಟ ಪ್ರಿಮ್‌ರೋಸ್ ಆಗಿಬರಲಿಲ್ಲ ಅನ್ನುವುದೇ ಆಗಿರಬಹುದು ಅಂತ ನನಗೆ ಗುಮಾನಿ.

ಕೊಬ್ಬಿನಾಮ್ಲದಲ್ಲಿ ಎಷ್ಟು ಜೋಡಿ ಬಂಧ ಇರುತ್ತವೋ ಅಷ್ಟು ಸುಲಭವಾಗಿ ಗಾಳಿಯ ಆಮ್ಲಜನಕ ಅದನ್ನು ಹಿಡಿಯುತ್ತದೆ. ಓಲೆಯಿಕ್ ಆಸಿಡ್‌ನಲ್ಲಿ ಒಂದೇ ಜೋಡಿ ಬಂಧ, ಲಿನೋಲೆಯಿಕ್‌ನಲ್ಲಿ ಎರಡು, ಜಿಎಲ್‌ಎಯಲ್ಲಿ ಮೂರು. ಒಂದರಿಂದ ಎರಡಕ್ಕೆ ಹೋದರೇ ಕೆಡುವ ವೇಗ ಹತ್ತು ಪಟ್ಟು ಏರುತ್ತದೆ, ಮೂರಕ್ಕೆ ಹೋದರೆ ಅದಕ್ಕೂ ಸುಮಾರು ಎರಡರಷ್ಟು. ಪ್ರಿಮ್‌ರೋಸ್ ಎಣ್ಣೆಯ ಮುಕ್ಕಾಲಿಗೂ ಹೆಚ್ಚು ಪಾಲು ಇಂಥ ಆಮ್ಲಗಳೇ. ಬೆಳಕು, ಬಿಸಿ, ಗಾಳಿ ಮೂರೂ ಇದಕ್ಕೆ ಶತ್ರುಗಳು. ಕೆಟ್ಟಾಗ ಹುಟ್ಟುವ ಪೆರಾಕ್ಸೈಡ್‌ಗಳು ಚರ್ಮವನ್ನು ಕೆರಳಿಸುತ್ತವೆ. ಗೋಡೆ ರಿಪೇರಿಗೆ ಅಂತ ತಂದದ್ದೇ ಉರಿ ತರುತ್ತದೆ.

ಆಶ್ಚರ್ಯ ಏನೆಂದರೆ ಬೀಜದೊಳಗೆ ಇದೇ ಎಣ್ಣೆ ಭದ್ರವಾಗಿರುತ್ತದೆ. 1879ರಲ್ಲಿ ಮಿಶಿಗನ್‌ನಲ್ಲಿ ವಿಲಿಯಂ ಬೀಲ್ ಅನ್ನುವ ಸಸ್ಯವಿಜ್ಞಾನಿ ಹಲವು ಕಳೆಗಿಡಗಳ ಬೀಜಗಳನ್ನು ಬಾಟಲಿಗಳಲ್ಲಿ ಮರಳಿನ ಜೊತೆ ತುಂಬಿ ನೆಲದಲ್ಲಿ ಹೂತಿಟ್ಟರು, ಎಷ್ಟು ವರ್ಷ ಬೀಜ ಬದುಕಿರುತ್ತದೆ ಅಂತ ನೋಡಲು. ಎಂಬತ್ತು ವರ್ಷ ಕಳೆದ ಮೇಲೆ ಒಂದು ಬಾಟಲಿ ತೆಗೆದಾಗ ಮೊಳೆತ ಕೆಲವೇ ಗಿಡಗಳಲ್ಲಿ ಈವ್ನಿಂಗ್ ಪ್ರಿಮ್‌ರೋಸ್ ಕೂಡ ಒಂದು. ಗಟ್ಟಿ ಸಿಪ್ಪೆಯೊಳಗೆ ಎಂಬತ್ತು ವರ್ಷ ಬಾಳಿದ ಬೀಜದ ಎಣ್ಣೆ, ಹಿಂಡಿ ಬಾಟಲಿಗೆ ತುಂಬಿದ ಮೇಲೆ ತಿಂಗಳುಗಳ ಲೆಕ್ಕಕ್ಕೆ ಇಳಿಯುತ್ತದೆ.

ಹಾಗಾಗಿ ಬಾಟಲಿ ಕಂದು ಅಥವಾ ಗಾಢ ಬಣ್ಣದ ಗಾಜಿನದಾಗಿರಬೇಕು. ಪಾರದರ್ಶಕ ಬಾಟಲಿಯಲ್ಲಿ ಮಾರುವ ಪ್ರಿಮ್‌ರೋಸ್ ಎಣ್ಣೆಯನ್ನು ನಾನು ಮುಟ್ಟುವುದಿಲ್ಲ, ಎಷ್ಟೇ ಹೆಸರಾದ ಬ್ರ್ಯಾಂಡ್ ಇರಲಿ. ಚಿಕ್ಕ ಬಾಟಲಿ ಕೊಳ್ಳಿ. ದೊಡ್ಡದು ಅಗ್ಗ ಅನ್ನಿಸಿದರೂ ಮುಗಿಸುವ ಮೊದಲೇ ಕೆಡುತ್ತದೆ. ತೆರೆದ ಮೇಲೆ ಫ್ರಿಜ್‌ನಲ್ಲಿಡಿ, ಆರು ತಿಂಗಳೊಳಗೆ ಮುಗಿಸಿ. ಸ್ನಾನದ ಮನೆಯ ಕಪಾಟು ಇದಕ್ಕೆ ಸರಿಯಾದ ಜಾಗ ಅಲ್ಲ, ಅಲ್ಲಿ ಬಿಸಿ ಹವೆ. ಪದಾರ್ಥಗಳಲ್ಲಿ ಟೋಕೋಫೆರಾಲ್, ಅಂದರೆ ವಿಟಮಿನ್ ಇ, ಸೇರಿಸಿದ್ದರೆ ಒಳ್ಳೆಯದು. ಈ ಎಣ್ಣೆಯಲ್ಲಿ ಅದು ತಾನಾಗಿಯೂ ಸ್ವಲ್ಪ ಇರುತ್ತದೆ, ಆದರೆ ಇನ್ನಷ್ಟು ಇದ್ದರೆ ಕೆಡುವುದು ನಿಧಾನ ಆಗುತ್ತದೆ. ತಾಜಾ ಎಣ್ಣೆಗೆ ತೆಳು ಹಳದಿ ಬಣ್ಣ, ಬೀಜದ ಲಘುವಾದ ವಾಸನೆ. ಹಳೆ ಪೇಂಟ್ ಥರ ಘಾಟು, ಮೂಗಿಗೆ ಚುಚ್ಚುವ ಕಮಟು ಬಂದರೆ ಎಸೆಯಿರಿ. ಕೈಗೆ ಹಚ್ಚಿಕೊಂಡು ಮುಗಿಸೋಣ, ಕಾಲಿಗೆ ಹಚ್ಚೋಣ ಅಂತೆಲ್ಲ ಬೇಡ, ಅಲ್ಲಿರುವುದೂ ಚರ್ಮವೇ ತಾನೇ.

ಎಣ್ಣೆ ತೆಗೆಯುವ ವಿಧಾನದ ಬಗ್ಗೆ ಒಂದು ಮಾತು. ಬಿಸಿ ಇಲ್ಲದೆ ಹಿಂಡಿದ ಕೋಲ್ಡ್ ಪ್ರೆಸ್ಡ್ ಎಣ್ಣೆಯಲ್ಲಿ ವಾಸನೆ, ಬಣ್ಣ, ವಿಟಮಿನ್ ಇ ಉಳಿದಿರುತ್ತವೆ. ಶುದ್ಧೀಕರಿಸಿದ್ದು ಬಣ್ಣ ಕಳೆದುಕೊಂಡಿರುತ್ತದೆ, ಆದರೆ ಕೊಬ್ಬಿನಾಮ್ಲಗಳು ಹೆಚ್ಚು ಕಮ್ಮಿ ಹಾಗೇ ಇರುತ್ತವೆ. ವಾಸನೆಗೆ ಕೆರಳುವ ಚರ್ಮ ಇರುವವರಿಗೆ ಶುದ್ಧೀಕರಿಸಿದ್ದೇ ಹಿತ ಅನ್ನಿಸಬಹುದು. ಇದರಲ್ಲಿ ದೊಡ್ಡ ಜಗಳ ಮಾಡುವಂಥದ್ದು ನನಗೇನೂ ಕಾಣುವುದಿಲ್ಲ.

ಹಚ್ಚುವ ಕ್ರಮ. ಎಣ್ಣೆ ಚರ್ಮಕ್ಕೆ ನೀರು ಕೊಡುವುದಿಲ್ಲ, ಇರುವ ನೀರು ಹೋಗದಂತೆ ನೋಡಿಕೊಳ್ಳುತ್ತದೆ. ಹಾಗಾಗಿ ಒಣ ಮುಖಕ್ಕೆ ಹಚ್ಚಿದರೆ ಅರ್ಧ ಕೆಲಸ ಅಷ್ಟೇ. ಮುಖ ತೊಳೆದು, ಪೂರ್ತಿ ಒರೆಸದೆ, ಇನ್ನೂ ತೇವ ಇರುವಾಗಲೇ ಗ್ಲಿಸರಿನ್ ಅಥವಾ ಹಯಲುರಾನಿಕ್ ಆಸಿಡ್ ಇರುವ ಏನನ್ನಾದರೂ ಹಚ್ಚುತ್ತೇನೆ. ಆಮೇಲೆ ಎರಡು ಮೂರು ಹನಿ ಎಣ್ಣೆ ಅಂಗೈಯಲ್ಲಿ ಹರಡಿಕೊಂಡು ಮುಖಕ್ಕೆ ಒತ್ತುತ್ತೇನೆ, ಉಜ್ಜುವುದಿಲ್ಲ. ತೀರಾ ಒಣಗಿರುವಾಗ ಅದರ ಮೇಲೆ ದಪ್ಪ ಕ್ರೀಮ್, ಅಥವಾ ಬಿರುಕು ಬಿಟ್ಟ ಜಾಗಕ್ಕೆ ಮಾತ್ರ ಪೆಟ್ರೋಲಿಯಂ ಜೆಲ್ಲಿ. ನೀರು ತಡೆಯುವುದರಲ್ಲಿ ಪೆಟ್ರೋಲಿಯಂ ಜೆಲ್ಲಿಯನ್ನು ಯಾವ ಸಸ್ಯದ ಎಣ್ಣೆಯೂ ಮೀರಿಸುವುದಿಲ್ಲ, ಇದನ್ನು ಎಣ್ಣೆ ಪ್ರಿಯಳಾದ ನಾನೇ ಒಪ್ಪುತ್ತೇನೆ. ಅದು ಬೇರೆ ಏನನ್ನೂ ಕೊಡುವುದಿಲ್ಲ, ಆದರೆ ಆ ಒಂದು ಕೆಲಸವನ್ನು ಅಷ್ಟು ಚೆನ್ನಾಗಿ ಮಾಡುತ್ತದೆ.

ನಾನು ಇದನ್ನು ರಾತ್ರಿ ಮಾತ್ರ ಹಚ್ಚುತ್ತೇನೆ. ಬೇಗ ಆಕ್ಸಿಡೈಸ್ ಆಗುವ ಎಣ್ಣೆಯನ್ನು ಬಿಸಿಲಿಗೆ ಹೋಗುವ ಮುಖಕ್ಕೆ ಹಚ್ಚುವುದು ನನಗೆ ಸರಿ ಅನ್ನಿಸುವುದಿಲ್ಲ, ಮೇಲಾಗಿ ಸನ್‌ಸ್ಕ್ರೀನ್ ಅಡಿಯಲ್ಲಿ ಜಿಡ್ಡು ಇದ್ದರೆ ಅದು ಸಮನಾಗಿ ಕೂರುವುದೂ ಇಲ್ಲ. ರೆಟಿನಾಲ್ ಬಳಸುವವರು ರೆಟಿನಾಲ್ ಹಚ್ಚಿದ ಮೇಲೆ ಇದನ್ನು ಹಚ್ಚಬಹುದು, ಒಣಗುವುದು, ಹೊಟ್ಟು ಏಳುವುದು ಸ್ವಲ್ಪ ತಗ್ಗುತ್ತದೆ. ನಯಾಸಿನಮೈಡ್ ಜೊತೆಗೂ ಚೆನ್ನಾಗಿ ಹೋಗುತ್ತದೆ, ಅದು ಚರ್ಮ ತಾನೇ ಸೆರಮೈಡ್ ತಯಾರಿಸುವುದನ್ನು ಹೆಚ್ಚಿಸುತ್ತದೆ.

ಮೊಡವೆ ಇರುವವರು ಹಚ್ಚಬಹುದಾ ಅನ್ನುವುದು ಮೊದಲಿನಿಂದಲೂ ಇರುವ ಪ್ರಶ್ನೆ. ಮೊಡವೆ ಇರುವವರ ಚರ್ಮದ ಜಿಡ್ಡಿನಲ್ಲಿ ಲಿನೋಲೆಯಿಕ್ ಆಸಿಡ್ ಪಾಲು ಕಮ್ಮಿ ಇರುತ್ತದೆ ಅನ್ನುವುದು 1980ರ ದಶಕದಿಂದಲೇ ಗೊತ್ತಿರುವ ವಿಷಯ. 1998ರಲ್ಲಿ ಲಿನೋಲೆಯಿಕ್ ಆಸಿಡ್ಡನ್ನೇ ಒಂದು ತಿಂಗಳು ಹಚ್ಚಿ ನೋಡಿದಾಗ ಕಣ್ಣಿಗೆ ಕಾಣದಷ್ಟು ಚಿಕ್ಕ ಮೊಡವೆ ಮೊಳಕೆಗಳ ಗಾತ್ರ ಸುಮಾರು ಕಾಲು ಭಾಗ ಕುಗ್ಗಿತ್ತು. ಅದು ಬರೀ ಆ ಆಮ್ಲದ ಪ್ರಯೋಗ. ಬಾಟಲಿಯ ಎಣ್ಣೆಯಲ್ಲಿ ಆ ಆಮ್ಲ ಬಿಡಿಯಾಗಿರದೆ ಟ್ರೈಗ್ಲಿಸರೈಡ್ ಅನ್ನುವ ಕೊಬ್ಬಿನ ಕಣವಾಗಿ ಕಟ್ಟಿಕೊಂಡಿರುತ್ತದೆ, ಹಾಗಾಗಿ ಅದೇ ಫಲವನ್ನು ಇದಕ್ಕೂ ಅಂಟಿಸಲು ಆಗದು. ಆದರೂ ಎಣ್ಣೆ ಹಚ್ಚಿದರೆ ಮೊಡವೆ ಗ್ಯಾರಂಟಿ ಅನ್ನುವ ಹೆದರಿಕೆ ಎಲ್ಲ ಎಣ್ಣೆಗೂ ಒಂದೇ ಥರ ಅನ್ವಯಿಸುವುದಿಲ್ಲ ಅಂತ ಮಾತ್ರ ಧೈರ್ಯವಾಗಿ ಹೇಳಬಹುದು. ರಂಧ್ರ ಮುಚ್ಚುವ ಅಂಕ ಅಂತ ಸೊನ್ನೆಯಿಂದ ಐದರವರೆಗೆ ಕೊಡುತ್ತಾರಲ್ಲ, ಆ ಅಂಕಗಳಲ್ಲಿ ಬಹಳಷ್ಟು ಮೊಲದ ಕಿವಿಯ ಮೇಲೆ ಮಾಡಿದ ಹಳೆ ಪರೀಕ್ಷೆಗಳಿಂದ ಬಂದವು. ಅದನ್ನು ನೋಡಿ ನಿರ್ಧಾರ ಮಾಡಬೇಡಿ.

ಒಂದು ಗುಂಪಿನವರು ಮಾತ್ರ ದೂರ ಇರಬೇಕು. ಹಣೆ, ಎದೆ, ಬೆನ್ನಿನ ಮೇಲೆ ಒಂದೇ ಗಾತ್ರದ ಸಣ್ಣ ಗುಳ್ಳೆಗಳು ಗುಂಪಾಗಿ ಎದ್ದು, ತುರಿಸುತ್ತಿದ್ದರೆ, ಮೊಡವೆ ಔಷಧಿಗೆ ಜಗ್ಗದೆ ಇದ್ದರೆ ಅದು ಮ್ಯಾಲಸೀಜಿಯಾ ಅನ್ನುವ ಶಿಲೀಂಧ್ರದ ಕೆಲಸ ಇರಬಹುದು. ಆ ಶಿಲೀಂಧ್ರ ಬದುಕುವುದೇ ಇಂಥ ಕೊಬ್ಬಿನಾಮ್ಲಗಳನ್ನು ತಿಂದು. ಅದಕ್ಕೆ ಪ್ರಿಮ್‌ರೋಸ್ ಎಣ್ಣೆ ಹಾಕಿ ಸಾಕಬೇಡಿ.

ಇನ್ನು, ಇದರ ಬದಲು ಬೇರೆ ಎಣ್ಣೆ ಆಗುವುದಿಲ್ವಾ ಅಂತ ಕೇಳುತ್ತೀರಿ. ಬರೀ ಲಿನೋಲೆಯಿಕ್ ಆಸಿಡ್ ಬೇಕಿದ್ದರೆ ಸೂರ್ಯಕಾಂತಿ ಎಣ್ಣೆಯೂ ಕೊಡುತ್ತದೆ, ಅದು ಅಷ್ಟು ಬೇಗ ಕೆಡುವುದೂ ಇಲ್ಲ. ಓಲೆಯಿಕ್ ಜಾಸ್ತಿ ಮಾಡಿದ ತಳಿಯದ್ದು ಆಗಬಾರದು ಅಷ್ಟೇ. ಆಲಿವ್ ಎಣ್ಣೆ ಮಾತ್ರ ಬೇಡ. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೆಲವು ವಾರ ಆಲಿವ್ ಎಣ್ಣೆ ಹಚ್ಚಿದ ದೊಡ್ಡವರ ಚರ್ಮದ ತಡೆಗೋಡೆ ದುರ್ಬಲವಾಯಿತು, ಸೂರ್ಯಕಾಂತಿ ಹಚ್ಚಿದ ಕಡೆ ಹಾಗಾಗಲಿಲ್ಲ. ಜಿಎಲ್‌ಎಯೇ ಬೇಕು ಅನ್ನುವವರಿಗೆ ಬೋರೇಜ್ ಎಣ್ಣೆಯಲ್ಲಿ ಅದು ಇದಕ್ಕಿಂತ ಎರಡು ಪಟ್ಟು ಇದೆ, 20 ಶೇಕಡಾ ದಾಟುತ್ತದೆ. ಬ್ಲ್ಯಾಕ್‌ಕರಂಟ್ ಬೀಜದ ಎಣ್ಣೆಯಲ್ಲಿ 15ರ ಆಸುಪಾಸು. ಹಾಗಿದ್ದೂ ನಾನು ಪ್ರಿಮ್‌ರೋಸ್ ಯಾಕೆ ಬಿಟ್ಟಿಲ್ಲ ಅಂದರೆ ಲಿನೋಲೆಯಿಕ್ ಇಷ್ಟು ಜಾಸ್ತಿ, ಜೊತೆಗೆ ಒಂದಿಷ್ಟು ಜಿಎಲ್‌ಎ, ಎರಡೂ ಒಂದೇ ಎಣ್ಣೆಯಲ್ಲಿ ಸಿಗುವುದು ಕಮ್ಮಿ. ಚರ್ಮದ ಮೇಲೆ ಹಗುರವಾಗಿ ಕೂರುತ್ತದೆ, ಬೆಳಿಗ್ಗೆ ಎದ್ದಾಗ ದಿಂಬಿನ ಮೇಲೆ ಜಿಡ್ಡು ಬಿಡುವುದಿಲ್ಲ. ಆ ಸ್ಪರ್ಶ ನನಗೆ ಇಷ್ಟ, ಅದೂ ಒಂದು ಕಾರಣ.

ಕ್ಯಾಪ್ಸೂಲ್ ನುಂಗುವವರಿಗೆ ಕೆಲವು ಎಚ್ಚರಿಕೆ. ವಾರ್ಫರಿನ್ ಥರದ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಮೂರ್ಛೆ ರೋಗ ಇದ್ದರೆ, ಮಾನಸಿಕ ಕಾಯಿಲೆಗೆ ಫಿನೋಥಯಾಜಿನ್ ಗುಂಪಿನ ಔಷಧಿ ಇದ್ದರೆ, ಗರ್ಭಿಣಿಯಾಗಿದ್ದರೆ, ಆಪರೇಷನ್ ಹತ್ತಿರ ಇದ್ದರೆ ವೈದ್ಯರನ್ನು ಕೇಳದೆ ಶುರು ಮಾಡಬೇಡಿ. ಉಳಿದವರಿಗೆ ಹೊಟ್ಟೆ ಕೆಡುವುದು, ತಲೆನೋವು ಆಗಬಹುದು, ಸಾಮಾನ್ಯವಾಗಿ ಅಷ್ಟೇ. ಮನೆಯಲ್ಲಿ ಕ್ಯಾಪ್ಸೂಲ್ ಇದ್ದರೆ ಸೂಜಿಯಿಂದ ಚುಚ್ಚಿ ಒಳಗಿನ ಎಣ್ಣೆಯನ್ನು ಹಚ್ಚಬಹುದು. 500 ಮಿಲಿಗ್ರಾಂನ ಒಂದರಲ್ಲಿ ಅರ್ಧ ಮಿಲಿಲೀಟರ್‌ನಷ್ಟು ಇರುತ್ತದೆ, ಮುಖ, ಕುತ್ತಿಗೆ ಎರಡಕ್ಕೂ ಸಾಕು. ಗಾಳಿ ಬೆಳಕು ತಾಗದೆ ಇರುವುದರಿಂದ ಇದೂ ಒಳ್ಳೆಯ ದಾರಿಯೇ, ಆದರೆ ಚುಚ್ಚಿದ ಮೇಲೆ ನಾಳೆಗೆ ಅಂತ ಇಡಬೇಡಿ.

ಮೊದಲ ಸಲ ಹಚ್ಚುವವರು ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದೆರಡು ದಿನ ನೋಡಿ. ಕೆಂಪಾಗದೆ ಇದ್ದರೆ ಮುಖಕ್ಕೆ ತನ್ನಿ. ರಸಿ ಸೋರುವ, ಕೀವಾದ, ಸೀಳಿದ ಚರ್ಮಕ್ಕೆ ಹಚ್ಚಬೇಡಿ, ಅದನ್ನು ವೈದ್ಯರು ನೋಡಬೇಕು. ಮೇಲ್ಪದರ ಪೂರ್ತಿ ಹೊಸದಾಗಲು ಸುಮಾರು ನಾಲ್ಕು ವಾರ ಬೇಕು, ಆ 1999ರ ಪ್ರಯೋಗವನ್ನೂ ಅಷ್ಟೇ ಕಾಲ ನಡೆಸಿದ್ದರು. ಹಾಗಾಗಿ ಮೂರನೇ ದಿನಕ್ಕೆ ಹೊಳಪು ಬಂತಾ ಅಂತ ಕನ್ನಡಿ ನೋಡುವುದು ಬೇಡ. ಮುಖ ತೊಳೆದ ಮೇಲೆ ಬಿಗಿಯುವುದು ಕಮ್ಮಿಯಾಗಿದೆಯಾ, ಮೊದಲು ಉರಿಯುತ್ತಿದ್ದ ಕ್ರೀಮ್ ಈಗ ಉರಿಯದೆ ಕೂರುತ್ತಿದೆಯಾ, ಇವೆರಡನ್ನು ಗಮನಿಸಿ. ಒಂದು ತಿಂಗಳು ದಾಟಿಯೂ ಎರಡರಲ್ಲೂ ವ್ಯತ್ಯಾಸ ಕಾಣದಿದ್ದರೆ ಬಾಟಲಿಯನ್ನು ಇನ್ನೊಬ್ಬರಿಗೆ ಕೊಟ್ಟು ಸೆರಮೈಡ್ ಇರುವ ದಪ್ಪ ಕ್ರೀಮ್ ಹುಡುಕಿಕೊಳ್ಳಿ.